ಎರಡನೇ ನಂಬರಿನ ನೆರಳು

ನನ್ನ ಬೆನ್ನು ಹಾಳಾದದ್ದು ನನ್ನ ನೆರಳಿನಿಂದ. ಹೊರಗಿನವರ ಮುಂದೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರ ಊರಿನಲ್ಲಿ ನೆರಳು ಅಂದರೆ ಕಾಲಡಿ ಬಿದ್ದಿರುವ ಕಪ್ಪು, ಅಷ್ಟೇ. ಅವರು ಕೈ ಎತ್ತಿದರೆ ಅದೂ ಎತ್ತುತ್ತದೆ, ಕೂತರೆ ಕೂರುತ್ತದೆ, ಸಾಕಿದ ನಾಯಿಯ ಹಾಗೆ. ನಮ್ಮ ಊರಿನಲ್ಲಿ ನೆರಳು ಆರು ವರ್ಷ ಮುಂದಿರುತ್ತದೆ. ಇವತ್ತು ಸಂಜೆ ಐದಕ್ಕೆ ನನ್ನ ಕಾಲಿಗೆ ಅಂಟಿಕೊಂಡು ಬಿದ್ದಿರುವುದು, ಇನ್ನು ಆರು ವರ್ಷಕ್ಕೆ ಇದೇ ತಾರೀಖು ಇದೇ ಐದು ಗಂಟೆಗೆ ನಾನು ಏನು ಮಾಡುತ್ತಿರುತ್ತೇನೋ ಅದು. ನಮ್ಮವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಯೂನಿಫಾರಂ ಹೊಲಿಯುವ ಟೈಲರ್ ಮಗುವನ್ನು ಅಂಗಳಕ್ಕೆ ಕರೆದು ನೆರಳು ನೋಡಿ, "ಮಡಿಕೆ ಜಾಸ್ತಿ ಬಿಡ್ತೀನಿ ಕಣಮ್ಮ, ಇವ್ನು ಉದ್ದ ಹೋಗ್ತಾನೆ" ಅನ್ನುತ್ತಾನೆ. ಹೆಣ್ಣು ನೋಡುವುದು ಸಂಜೆ ನಾಲ್ಕಕ್ಕೆ, ಬಯಲಿನಲ್ಲಿ. ನೆರಳೇ ಇಲ್ಲದವರೂ ಇರುತ್ತಾರೆ. ಅವರಿಗೆ ಇನ್ನು ಆರು ವರ್ಷವಿಲ್ಲ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಜೊತೆಗಿರುವವರು ಬಿಸಿಲಿನ ಕಡೆಗೆ ಹೋಗಿ, ತಮ್ಮ ನೆರಳು ಅವರ ಮೇಲೆ ಬೀಳುವ ಹಾಗೆ ಪಕ್ಕದಲ್ಲಿ ನಡೆಯುತ್ತಾರೆ. ಅದು ನಮ್ಮೂರಿನ ಮರ್ಯಾದೆ.

ಮರ್ಯಾದೆ ಅಲ್ಲಿಗೇ ಮುಗಿಯಿತು. ಉಳಿದದ್ದೆಲ್ಲ ಬರೀ ಅವಸರ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನಮ್ಮ ಮೇಷ್ಟ್ರು ನನ್ನನ್ನು ಜಗುಲಿಗೆ ಎಳೆದುಕೊಂಡು ಹೋಗಿ ಗೋಡೆಯ ಮೇಲೆ ತೋರಿಸಿದರು. "ನೋಡೋ ಬೋರೇಶ, ನಿನ್ನ ನೆರಳಿನ ಕೈಲಿ ಹಾಕಿ ಸ್ಟಿಕ್ಕಿದೆ. ಪುಸ್ತಕ ಇದ್ಯಾ? ಇಲ್ಲ. ಮತ್ತೆ ನಾನ್ಯಾಕೆ ಗಂಟ್ಲು ಹರ್ಕೊಳ್ಲಿ ಹೇಳು?" ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಯಾರೂ ಬಾ ಎಂದು ಕರೆಯಲೂ ಇಲ್ಲ. ಅವ್ವ ಆಂಜನೇಯನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಈಗ ಆ ಮೇಷ್ಟ್ರು ಎದುರಿಗೆ ಸಿಕ್ಕಿದರೆ ರಸ್ತೆ ದಾಟಿ ಆ ಕಡೆಗೆ ಹೋಗುತ್ತಾರೆ. ಹೋಗಲೇಬೇಕು.

ಆಮೇಲೆ ಕೆಲವೇ ತಿಂಗಳಿಗೆ ನೆರಳಿನ ಕೈಯಿಂದ ಸ್ಟಿಕ್ಕು ಮಾಯವಾಯಿತು. ಸಂಜೆ ಹೊತ್ತು ಅದು ಸುಮ್ಮನೆ ಕೂತಿರುತ್ತಿತ್ತು, ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು. ನಾನು ಓಡುತ್ತಿದ್ದೆ, ಕಾಲಿಗೆ ಅಂಟಿಕೊಂಡಿದ್ದ ಅದು ಕೂತ ಹಾಗೇ ನನ್ನ ಜೊತೆ ಮೈದಾನವೆಲ್ಲ ಜಾರುತ್ತಿತ್ತು. ನಾನು ಗಾಬರಿಯಾದೆ. ಅವ್ವ ಆಗಲಿಲ್ಲ. "ದೊಡ್ಡ ಆಟಗಾರ ಅಲ್ವೇನೋ, ದಣಿವಾಗಿರುತ್ತೆ. ಕೂತ್ಕೊಳ್ಲಿ ಬಿಡು" ಎಂದಳು.

ನಮ್ಮ ಊರಿನ ಮೈದಾನ ಕೆಂಪು. ಹಂಚಿನ ಕಾರ್ಖಾನೆಯ ಒಡೆದ ಹಂಚನ್ನು ಕುಟ್ಟಿ ಪುಡಿ ಮಾಡಿ ಹಾಸಿದ್ದಾರೆ. ಪಂದ್ಯಗಳು ನಡೆಯುವುದು ಉರಿಬಿಸಿಲಿನ ನಡುಮಧ್ಯಾಹ್ನ, ನೆರಳು ಪಾದದಡಿ ಅಡಗಿರುವಾಗ. ಇಲ್ಲದಿದ್ದರೆ ಜನ ಆಟ ಬಿಟ್ಟು ನೆರಳು ನೋಡುತ್ತಾ ಕೂರುತ್ತಾರೆ. ಆದರೆ ಆರಿಸುವ ದಿನ ಮಾತ್ರ ಸಂಜೆ. ಪ್ರತಿ ವರ್ಷ ಏಪ್ರಿಲ್ ಹನ್ನೊಂದು, ಐದು ಗಂಟೆ. ಐದು ತಂಡದ ಧಣಿಗಳು ಕಲ್ಲಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಹದಿನೇಳು ತುಂಬಿದ ಹುಡುಗರೆಲ್ಲ ಮೈದಾನಕ್ಕಿಳಿದು ಆಡುತ್ತಾರೆ. ಕಳೆದ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದ ತಂಡ ಮೊದಲು ಆರಿಸಿಕೊಳ್ಳುತ್ತದೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದದ್ದು ಎರಡನೆಯದಾಗಿ, ಹೀಗೇ. ಧಣಿಗಳು ನೋಡುವುದು ಹುಡುಗರನ್ನಲ್ಲ, ನೆಲವನ್ನು.

ನನ್ನ ವರ್ಷ ನಾನು ಆಡಿದೆ ನೋಡಿ, ಅಂಥ ಆಟ ಮತ್ತೆ ಆಡಲೇ ಇಲ್ಲ. ನಾನು ನೆಟ್ಟಗೆ ನಿಂತು ಓಡುವವನು. ನಮ್ಮ ಬೀದಿಯಲ್ಲಿ ನನ್ನನ್ನು ಕೊಕ್ಕರೆ ಅನ್ನುತ್ತಿದ್ದರು. ತಲೆ ಎತ್ತಿಕೊಂಡು ಓಡಿದರೆ ಮೈದಾನವೆಲ್ಲ ಅಂಗೈಯಲ್ಲಿದ್ದ ಹಾಗೆ, ಯಾವ ಹುಡುಗ ಎಲ್ಲಿಗೆ ಬಂದು ನಿಲ್ಲುತ್ತಾನೆ ಎಂದು ಅವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಅವತ್ತು ನಲವತ್ತು ಗಜ ದೂರಕ್ಕೆ ಒಂದು ಪಾಸ್ ಕೊಟ್ಟೆ. ಮೂರು ಜನರ ಕಾಲಿನ ನಡುವೆ ಹಾದು, ಎಲ್ಲಿ ನಿಲ್ಲಬೇಕೋ ಅಲ್ಲಿ ಬೆಕ್ಕಿನ ಹಾಗೆ ಹೋಗಿ ಕೂತಿತು ಚೆಂಡು. ಮೆಟ್ಟಿಲ ಕಡೆಯಿಂದ ಹೋ ಎಂದು ಕೂಗು ಎದ್ದಿತು. ನನಗೇ ಎಂದುಕೊಂಡೆ. ತಿರುಗಿ ನೋಡಿದರೆ ಎಲ್ಲರ ಕಣ್ಣೂ ನನ್ನ ಹಿಂದೆ, ನೆಲದ ಮೇಲೆ.

ಮೂರು ವರ್ಷದಿಂದ ಕೂತೇ ಇದ್ದ ನನ್ನ ನೆರಳು ಎದ್ದಿತ್ತು. ಎದ್ದು ಬಗ್ಗಿತ್ತು. ಎಷ್ಟು ಬಗ್ಗಿತ್ತೆಂದರೆ ಮೂಗು ನೆಲಕ್ಕೆ ತಾಗುವ ಹಾಗೆ. ಬಲಗೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಗುಂಡಗೆ ಚೆಂಡು. ಆ ಚೆಂಡು ಕೋಲನ್ನು ಬಿಟ್ಟು ಒಂದು ಕೂದಲೆಳೆ ಆಚೆ ಹೋಗುತ್ತಿರಲಿಲ್ಲ. ಎಡಗೈ ರೆಕ್ಕೆಯ ಹಾಗೆ ಪಕ್ಕಕ್ಕೆ ಚಾಚಿತ್ತು. ಸಣ್ಣ ಸಣ್ಣ ಹೆಜ್ಜೆ ಇಡುತ್ತಾ, ಒಂದೇ ಸಮನೆ, ನಿಧಾನವಾಗಿ, ಅದು ಎಡಕ್ಕೆ ತಿರುಗುತ್ತಿತ್ತು.

"ಡಿ ಸುತ್ತಾ ಬರ್ತಿದಾನೆ ಕಣ್ರಯ್ಯಾ!" ಎಂದು ಕೂಗಿದವರು ದಸ್ತಗೀರ್ ಮೇಷ್ಟ್ರು, ಹಂಚಿನ ಕಾರ್ಖಾನೆ ತಂಡದ ಕೋಚು. ಡಿ ಅಂದರೆ ಗೋಲಿನ ಮುಂದೆ ಸುಣ್ಣದಲ್ಲಿ ಬರೆದ ಅರ್ಧಚಂದ್ರ. ಅದರೊಳಗಿಂದ ಹೊಡೆದರೆ ಮಾತ್ರ ಗೋಲು. "ಅರೆ, ತಿರುಗೋದು ನೋಡಿ! ದಾರ ಕಟ್ಟಿ ಬರೆದ ಹಾಗಿದೆ! ಚೆಂಡು ಅಂಟ್ಕೊಂಡೇ ಇದೆ!" ಯಾರೋ ಚೆಂಡು ಸ್ವಲ್ಪ ದಪ್ಪಗಿದೆಯಲ್ಲ ಅಂದರಂತೆ. "ಸಂಜೆ ಬಿಸಿಲಲ್ಲಿ ನಿನ್ನ ಮೂಗೂ ದಪ್ಪಗಿರುತ್ತೆ, ಸುಮ್ನಿರು" ಎಂದು ಅವನ ಬಾಯಿ ಮುಚ್ಚಿಸಿದರಂತೆ. ನೆರಳು ಕಾಲು ಸುತ್ತು ಬಂದು, ಅಲ್ಲಿಂದ ಐದಾರು ಹೆಜ್ಜೆ ನೇರಕ್ಕೆ ನಡೆದು ನಿಂತಿತು. ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಮುಂದೆ ಏನಾಯಿತು ಎಂದು ಯಾರಿಗೂ ಕಾಣಲಿಲ್ಲ. ಯಾರಿಗೂ ಬೇಕಾಗಿಯೂ ಇರಲಿಲ್ಲ. ಗೋಲು ಎಂದು ಎಲ್ಲರೂ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಮೊದಲನೆಯವನಾಗಿ ಗೋಲ್‌ಕೀಪರ್ ಲಾಜರನನ್ನು ಕರೆದರು. ಅವನ ನೆರಳಿನ ಕಾಲಿಗೆ ಆಗಲೇ ಪ್ಯಾಡು ಇತ್ತು. ಎರಡನೆಯದು ಹಂಚಿನ ಕಾರ್ಖಾನೆಯ ಸರದಿ. ಸಾಹುಕಾರ ಪರ್ವತಯ್ಯನವರು ಎದ್ದೇ ನಿಂತರು. "ಆ ಬಗ್ಗಿರೋ ಹುಡುಗ ನನಗೆ."

ಬಗ್ಗಿದವನು ನಾನಲ್ಲ ಸ್ವಾಮಿ, ನಾನು ನೆಟ್ಟಗೆ ನಿಂತಿದ್ದೇನೆ, ಇಲ್ಲಿ ಮೇಲೆ ನೋಡಿ ಎಂದು ಅವತ್ತೇ ಕೂಗಬೇಕಿತ್ತು. ಹದಿನೇಳು ವರ್ಷದವನು ಏನು ಕೂಗುತ್ತಾನೆ? ಹೆಗಲ ಮೇಲೆ ಎತ್ತಿಕೊಂಡರು. ನಮ್ಮ ಬೀದಿಯವರೆಗೂ ಹೊತ್ತರು. ಮಾರನೇ ದಿನ ಸಂಜೆ ನಮ್ಮ ಮನೆಯ ಗೋಡೆ ಮೇಲೆ ನೆರಳು ಕೂತುಕೊಂಡು, ಕತ್ತಿ ಹಿಡಿದು ಉದ್ದನೆಯ ಕೋಲೊಂದನ್ನು ಕೆತ್ತುತ್ತಿತ್ತು. ನೋಡಲು ಅರ್ಧ ಊರೇ ಬಂತು. "ತನ್ನ ಸ್ಟಿಕ್ಕನ್ನ ತಾನೇ ಕೆತ್ಕೊಳ್ತಾನೆ ನೋಡ್ರಿ, ಅಂಗಡೀದು ಇವ್ನ ಕೈಗೆ ಸಾಲಲ್ಲ" ಎಂದು ಮಾತಾಡಿಕೊಂಡರು. ಅವ್ವ ಬಂದವರಿಗೆಲ್ಲ ಬೆಲ್ಲದ ಪಾನಕ ಕೊಟ್ಟಳು.

ಅಲ್ಲಿಂದ ಮೂರು ವರ್ಷ ನನ್ನನ್ನು ನನ್ನ ನೆರಳಿನ ಅಳತೆಗೆ ಬಗ್ಗಿಸಿದರು. ಆರಿಸಿದವರನ್ನು ಮೂರು ವರ್ಷ ಇಟ್ಟುಕೊಳ್ಳುತ್ತಾರೆ, ಆಮೇಲೆ ಬೇಕೋ ಬೇಡವೋ ಹೇಳುತ್ತಾರೆ. ದಸ್ತಗೀರ್ ಮೇಷ್ಟ್ರು ಕೆಟ್ಟವರಲ್ಲ, ಅದನ್ನು ಈಗ ಹೇಳುತ್ತೇನೆ. ಆಗ ಕೇಳಿದ್ದರೆ ಬೇರೆ ಹೇಳುತ್ತಿದ್ದೆ. ಎರಡು ಕಂಬದ ನಡುವೆ ನನ್ನ ಸೊಂಟದ ಎತ್ತರಕ್ಕೆ ಹುರಿ ಕಟ್ಟಿ ಅದರ ಕೆಳಗೆ ಚೆಂಡು ಹೊಡೆದುಕೊಂಡು ಹೋಗು ಅನ್ನುತ್ತಿದ್ದರು. ತಲೆ ತಾಗಿದರೆ ಮತ್ತೆ ಮೊದಲಿನಿಂದ. "ಎಡಗೈ ಬಿಡು ಬೇಟಾ, ಎಡಗೈ! ಚಾಚು! ನಿನ್ನ ನೆರಳು ಒಂದೇ ಕೈಲಿ ಆಡುತ್ತೆ." "ಸಾರ್, ಎಡಗೈ ಬಿಟ್ರೆ ಸ್ಟಿಕ್ಕು ತಿರುಗಲ್ಲ ಸಾರ್." "ಈಗ ತಿರುಗಲ್ಲ. ಆರು ವರ್ಷಕ್ಕೆ ತಿರುಗುತ್ತೆ. ನಾವು ನೋಡಿಲ್ವಾ?" ಇದಕ್ಕೆ ಏನು ಉತ್ತರ ಕೊಡುತ್ತೀರಿ? ಇಡೀ ಊರು ನೋಡಿದೆ. ನನ್ನ ಕೈ ಸುಳ್ಳು, ನೆಲದ ಮೇಲಿನದು ನಿಜ.

ಮೊದಲನೇ ವರ್ಷ ಒಂದೂ ಗೋಲಿಲ್ಲ. ಬಗ್ಗಿದವನಿಗೆ ಕಾಣುವುದೇನು? ಕೆಂಪು ನೆಲ, ಎದುರಾಳಿಗಳ ಮೊಣಕಾಲು. ಯಾರು ಎಲ್ಲಿದ್ದಾನೆ ಎನ್ನುವುದೇ ಮರೆತುಹೋಯಿತು. ಡಿ ಅಂಚಿನಲ್ಲಿ ಎಡಕ್ಕೆ ತಿರುಗುತ್ತಾ ಹೋಗುತ್ತಿದ್ದೆ, ನಾಲ್ಕನೇ ಹೆಜ್ಜೆಗೆ ಯಾರೋ ಬಂದು ಚೆಂಡನ್ನು ತೆಗೆದುಕೊಂಡು ಹೋಗುತ್ತಿದ್ದ, ನೆಂಟರ ಮನೆಯಿಂದ ಕಾಯಿ ತೆಗೆದುಕೊಂಡು ಹೋಗುವ ಹಾಗೆ. ಎರಡನೇ ವರ್ಷ ಒಂದೇ ಒಂದು ಸಲ ಗೋಲಿನ ಎದುರು ಒಬ್ಬನೇ ಸಿಕ್ಕಿದೆ. ಎಡಗೈ ಚಾಚಿ ಒಂದೇ ಕೈಯಲ್ಲಿ ಹೊಡೆದೆ. ಚೆಂಡು ಉರುಳಿಕೊಂಡು ಹೋಗಿ ಲಾಜರನ ಪ್ಯಾಡಿಗೆ ಮುತ್ತು ಕೊಟ್ಟು ನಿಂತಿತು. ಅವನಿಗೇ ಪಾಪ ಅನ್ನಿಸಿತೇನೋ, ಒಂದು ಗಳಿಗೆ ಅದನ್ನು ಒದೆಯದೆ ನನ್ನ ಮುಖ ನೋಡಿದ. ಜನ ಮಾತ್ರ ಬಿಡಲಿಲ್ಲ. ಮೆಟ್ಟಿಲ ಮೇಲಿನಿಂದ ಒಬ್ಬ ಕೂಗಿದ, "ಇವನ್ನ ಕೂರ್ಸಿ, ಇವನ ನೆರಳನ್ನಾದ್ರೂ ಆಡ್ಸ್ರೋ!" ಆ ಮಾತು ಊರಿನಲ್ಲೆಲ್ಲ ಉಳಿದುಕೊಂಡಿತು. ಹೋಟೆಲಿಗೆ ಹೋದರೆ, "ಎರಡ್ನೇ ನಂಬರಿಗೊಂದು ಕಾಫಿ, ಅದರ ನೆರಳಿಗೊಂದು ಮಸಾಲೆ" ಅನ್ನುತ್ತಿದ್ದರು. ಒಬ್ಬನ ಮುಖಕ್ಕೆ ಕಾಫಿ ಎರಚಿ ಬಂದೆ. ಚೆನ್ನಾಗಿ ಬಿಸಿ ಇತ್ತು.

ಮೂರನೇ ವರ್ಷ ಬೆಂಚಿನ ಮೇಲೆ ಕೂತೇ ಮುಗಿಯಿತು. ಏಪ್ರಿಲ್ ಹತ್ತಕ್ಕೆ ಸಾಹುಕಾರರು ಕರೆಸಿ, ಹಂಚು ಜೋಡಿಸುವ ಕೆಲಸ ಬೇಕಿದ್ದರೆ ಇದೆ, ಆಟ ಸಾಕು ಎಂದರು. "ಇನ್ನೂ ಮೂರು ವರ್ಷ ಇದೆಯಲ್ಲ ಬೋರೇಶ. ನೆರಳು ಸುಳ್ಳು ಹೇಳಲ್ಲ. ಆ ದಿನ ಬಂದಾಗ ನೋಡೋಣ." ಮನೆಗೆ ಹೋಗಿ ಸ್ಟಿಕ್ಕನ್ನು ಒಲೆಗೆ ತುರುಕಿದೆ. ಹಿಪ್ಪುನೇರಳೆ ಮರದ್ದು, ಚೆನ್ನಾಗಿ ಉರಿಯಿತು. ಅವ್ವ ತಡೆಯಲಿಲ್ಲ. ಅದರ ಮೇಲೇ ಅನ್ನಕ್ಕೆ ಇಟ್ಟಳು. ಆಮೇಲೆ ಸಂಜೆಗಳಲ್ಲಿ ನಾನು ಹಿತ್ತಿಲಿನ ಕಲ್ಲಿನ ಮೇಲೆ ಮಂಡಿಗೆ ಗಲ್ಲ ಇಟ್ಟುಕೊಂಡು ಕೂರತೊಡಗಿದೆ. ಎಷ್ಟೋ ದಿನದ ಮೇಲೆ ಹೊಳೆಯಿತು, ದಣಿದ ದೊಡ್ಡ ಆಟಗಾರ ಎಂದು ಅವ್ವ ಅಂದಿದ್ದು ಇದನ್ನೇ.

ನಿದ್ದೆ ಬರುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಎದ್ದು ಮೈದಾನಕ್ಕೆ ಹೋಗುತ್ತಿದ್ದೆ. ನಮ್ಮ ಕೆರೆ ವರ್ಷವಿಡೀ ಮುಂಜಾನೆ ಮಂಜು ಬಿಡುತ್ತದೆ. ಎಂಟು ಗಂಟೆಯವರೆಗೆ ಊರು ಹಾಲಿನಲ್ಲಿ ಅದ್ದಿಟ್ಟ ಹಾಗಿರುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ನೆರಳಿಲ್ಲ. ಸುಮ್ಮನೆ ನೆಟ್ಟಗೆ ನಡೆದಾಡುತ್ತಿದ್ದೆ, ಕಲ್ಲು ಒದೆಯುತ್ತಾ. ಒಂದು ದಿನ ಮಂಜಿನೊಳಗಿಂದ ಒಂದು ದನಿ ಬಂತು. "ಯಾವನೋ ಅವ್ನು, ಗೆರೆ ತುಳೀತಿರೋನು? ಕಾಲು ಮುರೀತೀನಿ!"

ಅದು ಚಿಕ್ಕತಾಯವ್ವ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವಳು. ನಲವತ್ತು ವರ್ಷದಿಂದ ಎಳೆಯುತ್ತಿದ್ದಳು, ಮಂಜು ಇರುವಾಗಲೇ ಬಂದು ಮಂಜು ಕರಗುವ ಮೊದಲು ಮುಗಿಸಿ ಹೋಗುತ್ತಿದ್ದಳು. ಹಾಗಾಗಿ ಊರಿನವರಿಗೆ ಗೆರೆ ಗೊತ್ತಿತ್ತು, ಎಳೆಯುವವಳು ಗೊತ್ತಿರಲಿಲ್ಲ. ಗುಬ್ಬಚ್ಚಿಯಷ್ಟು ಗಿಡ್ಡ ಹೆಂಗಸು. ಅವಳ ಕೈಯಲ್ಲಿ ಅವಳಿಗೆ ತಕ್ಕ ಗಿಡ್ಡದೊಂದು ಕೋಲು, ಅದರ ತುದಿಗೆ ತಂತಿಯಿಂದ ಬಿಗಿದ ತಗಡಿನ ಡಬ್ಬಿ. ಡಬ್ಬಿಯ ತಳಕ್ಕೆ ಮೊಳೆಯಿಂದ ಹೊಡೆದ ತೂತು. ಕೋಲನ್ನು ಕುಲುಕುತ್ತಾ ನಡೆದರೆ ಸುಣ್ಣ ಜರಡಿ ಹಿಡಿದ ಹಾಗೆ ಉದುರುತ್ತದೆ. ಹತ್ತಿರ ಬಂದು ನನ್ನ ಮುಖ ನೋಡಿದಳು. "ಓಹೋ, ಎರಡ್ನೇ ನಂಬರು. ಕೆಲ್ಸ ಇಲ್ವಾ? ಬಾ, ಹುರಿ ಹಿಡಿ."

ಡಿ ಬರೆಯುವುದು ಹೀಗೆ: ಗೋಲಿನ ಒಂದು ಕಂಬದ ಬುಡದಲ್ಲಿ ಒಬ್ಬರು ಹುರಿಯ ತುದಿ ಹಿಡಿದು ಕೂರಬೇಕು. ಹದಿನಾರು ಗಜದ ಹುರಿ. ಇನ್ನೊಂದು ತುದಿ ಗೆರೆ ಎಳೆಯುವವರ ಕೈಯಲ್ಲಿ. ಹುರಿ ಸಡಿಲವಾಗದ ಹಾಗೆ ಬಿಗಿಯಾಗಿ ಎಳೆದುಕೊಂಡು ಸುತ್ತಿಬಂದರೆ ಕಾಲು ಭಾಗ ಚಕ್ರ. ಗೋಲಿನ ಎದುರಿಗೆ ನಾಲ್ಕು ಗಜ ನೇರ ಗೆರೆ. ಆಮೇಲೆ ಹುರಿ ಹಿಡಿದವರು ಇನ್ನೊಂದು ಕಂಬಕ್ಕೆ ಹೋಗಿ ಕೂರಬೇಕು, ಉಳಿದ ಕಾಲು ಚಕ್ರಕ್ಕೆ. ಮೊದಲು ಅವಳು ಕಂಬದ ಕಡೆಯ ತುದಿಯನ್ನು ಗೂಟಕ್ಕೆ ಕಟ್ಟುತ್ತಿದ್ದಳಂತೆ. "ಗೂಟ ಮಾತಾಡಲ್ಲ. ನೀನಾದ್ರೆ ಬೈಸ್ಕೊಳ್ತೀಯ" ಎಂದಳು.

ಹೀಗೆ ಮೂರು ವರ್ಷ ಮಂಜಿನಲ್ಲಿ ಹುರಿ ಹಿಡಿದು ಕೂತೆ. ಅವಳು ಕಾಣುತ್ತಿರಲಿಲ್ಲ. ಕೈಯಲ್ಲಿ ಹುರಿ ಮೆಲ್ಲಗೆ ತಿರುಗುವುದು, ಡಬ್ಬಿಯ ಚರ್ ಚರ್ ಸದ್ದು, ಅಷ್ಟೇ. ಮೀನು ಹಿಡಿಯಲು ಕೂತವನ ಹಾಗೆ ಕೂತಿರುತ್ತಿದ್ದೆ, ಬಿಳಿಯ ಆಚೆ ಯಾವುದೋ ದೊಡ್ಡ ನಿಧಾನದ ಜೀವ ನನ್ನ ಸುತ್ತ ಈಜುತ್ತಿದೆ ಅನ್ನಿಸುತ್ತಿತ್ತು. ಆಗ ಮಾತ್ರ ನನ್ನ ಎದೆಯೊಳಗಿನ ಕುದಿ ಇಳಿಯುತ್ತಿತ್ತು. ಮಂಜು ಸರಿದರೆ ಕೆಂಪಿನ ಮೇಲೆ ಬಿಳಿ ಗೆರೆ, ಒಂದು ಬೆರಳಿನಷ್ಟೂ ಸೊಟ್ಟಿಲ್ಲ. "ಇಷ್ಟು ಚೆನ್ನಾಗಿ ಎಳೀತೀಯ, ಮಧ್ಯಾಹ್ನ ಆಡೋಕೆ ಬರೋ ನಾಯಿಗಳು ತುಳಿದು ಅಳಿಸ್ತಾವಲ್ಲ ತಾಯವ್ವ" ಎಂದೆ ಒಂದು ದಿನ. "ತುಳೀಲಿ ಅಂತಾನೆ ಎಳೆಯೋದು. ತುಳೀದೇ ಇದ್ರೆ ಅದು ರಂಗೋಲಿ" ಎಂದಳು.

ಒಂದು ಬೆಳಿಗ್ಗೆ ಗಾಳಿ ಬೀಸಿ ಮಂಜು ಬೇಗ ಹರಿದುಹೋಯಿತು. ಬಿಸಿಲು ಬಿತ್ತು. ಕಂಬಕ್ಕೆ ನೆರಳಿತ್ತು, ಹಾರುತ್ತಿದ್ದ ಕಾಗೆಗೂ ಇತ್ತು. ಚಿಕ್ಕತಾಯವ್ವ ನಿಂತಿದ್ದ ಕಡೆ ಬರೀ ಕೆಂಪು ನೆಲ. ಅವಳ ಕೈಯ ಕೋಲಿಗೂ ಇಲ್ಲ, ಡಬ್ಬಿಗೂ ಇಲ್ಲ. ಕಲಿತ ಮರ್ಯಾದೆ, ನಾನು ಎದ್ದು ಹೋಗಿ ಬಿಸಿಲಿನ ಕಡೆಗೆ ನಿಂತೆ. ಅವಳು ತಲೆ ಎತ್ತಲಿಲ್ಲ. "ಆಚೆ ಸರಿ. ಗೆರೆ ಕಾಣಲ್ಲ." ಆಮೇಲೂ ಎರಡು ಮೂರು ಸಲ ಹಾಗಾಯಿತು. ಪ್ರತಿ ಸಲವೂ ಅದೇ ಮಾತು. ಯಾರ ನೆರಳನ್ನೂ ಅವಳು ಮೈಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಆರನೇ ವರ್ಷದ ಏಪ್ರಿಲ್ ಬಂತು. ನನ್ನನ್ನು ಮರೆತಿದ್ದ ಊರು ಮತ್ತೆ ನನ್ನ ಕಡೆ ನೋಡತೊಡಗಿತು. ಹನ್ನೊಂದನೇ ತಾರೀಖು ಐದು ಗಂಟೆಗೆ ಬೋರೇಶ ತನ್ನ ನೆರಳನ್ನು ಕೂಡುತ್ತಾನೆ, ಅವತ್ತು ಏನೋ ಆಗುತ್ತದೆ ಎಂದು ಮಾತು. ಹೋಟೆಲಿನಲ್ಲಿ ನನ್ನ ಕಾಫಿಗೆ ಸಕ್ಕರೆ ಜಾಸ್ತಿ ಬೀಳತೊಡಗಿತು. ಆ ದಿನ ಬೆಳಿಗ್ಗೆ ಅವ್ವ ಟ್ರಂಕಿನ ತಳದಿಂದ ಹಳೇ ಜರ್ಸಿ ತೆಗೆದು ಚೊಂಬಿಗೆ ಕೆಂಡ ಹಾಕಿ ಇಸ್ತ್ರಿ ಮಾಡುತ್ತಿದ್ದಳು. ದಸ್ತಗೀರ್ ಮೇಷ್ಟ್ರು ಬಾಗಿಲಿಗೇ ಬಂದರು. ವಯಸ್ಸಾಗಿತ್ತು. "ಸ್ಟಿಕ್ಕು ತಗೊಂಡು ಐದಕ್ಕೆ ಬಾ ಬೇಟಾ. ಯಾರಿಗೆ ಗೊತ್ತು." "ಸ್ಟಿಕ್ಕು ಒಲೆಗೆ ಹೋಗಿ ಮೂರು ವರ್ಷ ಆಯ್ತು ಸಾರ್." "ನನ್ನದು ಕೊಡ್ತೀನಿ." "ನಿಮ್ದನ್ನೂ ಒಲೆಗೇ ಹಾಕ್ತೀನಿ" ಎಂದೆ. ಅವರು ತಿರುಗಿ ಹೋದರು. ಅವ್ವ ಇಸ್ತ್ರಿ ನಿಲ್ಲಿಸಲಿಲ್ಲ.

ನಾನು ಒಂದು ತೀರ್ಮಾನ ಮಾಡಿಬಿಟ್ಟಿದ್ದೆ. ಈ ಊರಿನಲ್ಲಿ ಇಂದಿನವರೆಗೆ ಯಾರೂ ತಮ್ಮ ನೆರಳಿನಿಂದ ತಪ್ಪಿಸಿಕೊಂಡಿಲ್ಲ. ನಾನು ತಪ್ಪಿಸಿಕೊಳ್ಳುತ್ತೇನೆ. ಐದು ಗಂಟೆಗೆ ನನ್ನ ಕೈಯಲ್ಲಿ ಕೋಲಿರುವುದಿಲ್ಲ, ನನ್ನ ಬೆನ್ನು ಬಗ್ಗಿರುವುದಿಲ್ಲ. ಎಂಟನೇ ಕ್ಲಾಸಿನಿಂದ ನನ್ನನ್ನು ಎಳೆದುಕೊಂಡು ಬಂದ ಆ ಕಪ್ಪನ್ನು ಇಡೀ ಊರಿನ ಎದುರು ಸುಳ್ಳು ಮಾಡುತ್ತೇನೆ. ಕಾರ್ಖಾನೆಯಲ್ಲಿ ಹಂಚು ಸುಡುವ, ಬೆಂಕಿ ಆರಿದ ಗೂಡು ಒಂದಿತ್ತು, ಬಿಸಿಲು ಸುಳಿಯದ ಕತ್ತಲು. ಮೂರು ಗಂಟೆಗೇ ಹೋಗಿ ಅದರೊಳಗೆ ಗೋಡೆಗೆ ಬೆನ್ನು ಕೊಟ್ಟು, ನೆಟ್ಟಗೆ ಕೂತೆ. ಒಂದೂವರೆ ಗಂಟೆ ಕಳೆದ ಮೇಲೆ ತಲೆ ಮೇಲೆ ಪಟಪಟ ಸದ್ದು ಶುರುವಾಯಿತು. ಬೇಸಿಗೆಯ ಮಳೆ. ಹತ್ತೇ ನಿಮಿಷ ಬಿತ್ತು, ಆದರೆ ಬಕೆಟ್ಟಿನಲ್ಲಿ ಸುರಿದ ಹಾಗೆ ಬಿತ್ತು.

ನನಗೆ ಮೊದಲು ಬಂದ ಯೋಚನೆ ಗೆರೆಯದು. ತೊಳೆದುಹೋಗಿರುತ್ತದೆ. ಆರಿಸುವ ದಿನ, ಹುಡುಗರು ಕಾದಿರುತ್ತಾರೆ. ಒಂದು ತಿಂಗಳಿಂದ ಚಿಕ್ಕತಾಯವ್ವನಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಹುರಿಯನ್ನು ಗೂಟಕ್ಕೆ ಕಟ್ಟಿ ನಾನೇ ಅವಳ ಸೊಂಟ ಹಿಡಿದುಕೊಂಡು ನಡೆಸಿದ್ದೆ, ಒಂದು ಡಿ ಮುಗಿಸಲು ಒಂದು ಗಂಟೆ ಹಿಡಿದಿತ್ತು. ಯಾರಾದರೂ ಬೇರೆಯವರು ಬರೆಯಲಿ ಎಂದುಕೊಂಡೆ. ಯಾರಿಗೆ ಬರುತ್ತದೆ? ಅವಳೇ ಹೋಗುತ್ತಾಳೆ. ತೆವಳಿಕೊಂಡಾದರೂ ಹೋಗುತ್ತಾಳೆ, ಆ ಮುದುಕಿ. ಗೂಡಿನೊಳಗೆ ಕೂತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ, ಮಳೆಗೆ, ಊರಿಗೆ, ಅವಳಿಗೆ. ಬೈಯುತ್ತಲೇ ಎದ್ದು ಹೊರಗೆ ಬಂದೆ.

ಮೈದಾನದ ತುಂಬ ಜನ. ಮಳೆ ನಿಂತು ಬಿಸಿಲು ಬಿದ್ದು, ಒದ್ದೆ ಕೆಂಪಿನಿಂದ ಹಬೆ ಏಳುತ್ತಿತ್ತು. ದೂರದವರು ಮೊಣಕಾಲಿನವರೆಗೆ ನೀರಿನಲ್ಲಿ ನಿಂತವರ ಹಾಗೆ ಕಾಣುತ್ತಿದ್ದರು. ನಾನು ಬಂದದ್ದೇ ಗದ್ದಲ ಅಡಗಿತು. ಚಿಕ್ಕತಾಯವ್ವ ಗೋಲಿನ ಬಳಿ ಅಂಬೆಗಾಲಿನಲ್ಲಿದ್ದಳು, ಒಂದು ಕೈಯಲ್ಲಿ ಕೋಲು. "ಬಂದ್ಯಾ ಎರಡ್ನೇ ನಂಬರು. ಹುರಿ ಹಿಡಿ." "ನೀನು ಹಿಡಿ. ಕೋಲು ಕೊಡಿಲ್ಲಿ." "ನಿನಗೆ ಬರಲ್ಲ." "ಮೂರು ವರ್ಷ ನೋಡಿದೀನಿ ತಾಯವ್ವ." "ನೋಡಿದ್ರೆ ಬರೋ ಹಾಗಿದ್ರೆ ಈ ಊರೋರೆಲ್ಲ ಹಾಕಿ ಆಡ್ತಿದ್ರು" ಎಂದಳು. ಆದರೂ ಕೋಲು ಕೊಟ್ಟಳು. ಅವಳನ್ನು ಎತ್ತಿ ಕಂಬಕ್ಕೆ ಒರಗಿಸಿ ಕೂರಿಸಿದೆ. ಹುರಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ನಾನು ಗೋಲಿನ ಸಾಲಿನ ಹಿಂದಿನ ಗೆರೆ ಇದ್ದ ಜಾಗದಲ್ಲಿ ನಿಂತು ಎಡಗೈಯಲ್ಲಿ ಹುರಿಯನ್ನು ಬಿಗಿಯಾಗಿ ಚಾಚಿ ಹಿಡಿದೆ. ಬಲಗೈಯಲ್ಲಿ ಕೋಲು. ಗಿಡ್ಡ ಹೆಂಗಸಿನ ಕೋಲು. ಡಬ್ಬಿ ನೆಲಕ್ಕೆ ತಾಗಬೇಕಾದರೆ ನನ್ನಂಥ ಕೊಕ್ಕರೆ ಮೂಗು ನೆಲಕ್ಕೆ ತಾಗುವಷ್ಟು ಬಗ್ಗಬೇಕಾಯಿತು. ಬಗ್ಗಿದೆ. ಸಣ್ಣ ಸಣ್ಣ ಹೆಜ್ಜೆ ಇಟ್ಟೆ. ಹುರಿ ನನ್ನನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿಕೊಂಡಿತು. ಸುಣ್ಣ ಒದ್ದೆ ನೆಲದ ಮೇಲೆ ಬಿದ್ದು ಬಿದ್ದಲ್ಲೇ ಕಚ್ಚಿಕೊಳ್ಳುತ್ತಿತ್ತು. ಹತ್ತು ಹೆಜ್ಜೆ ನನಗೆ ಏನೂ ಹೊಳೆಯಲಿಲ್ಲ. ಹುರಿ ಸಡಿಲವಾಗಬಾರದು ಎಂಬುದೊಂದೇ ತಲೆಯಲ್ಲಿತ್ತು. ಆಮೇಲೆ ಆ ಮೌನ ಕಿವಿಗೆ ಬಿತ್ತು. ಅಷ್ಟು ಜನ, ಒಂದು ಕೆಮ್ಮೂ ಇಲ್ಲ. ಎಲ್ಲೋ ಕಾರ್ಖಾನೆಯಲ್ಲಿ ಐದರ ಗಂಟೆ ಹೊಡೆಯುತ್ತಿತ್ತು. ನನ್ನ ಚಾಚಿದ ಎಡಗೈಯನ್ನು ನಾನೇ ನೋಡಿಕೊಂಡೆ.

ಕಾಲು ಚಕ್ರ ಮುಗಿಸಿ, ನಾಲ್ಕು ಗಜದ ನೇರ ಗೆರೆ ಎಳೆದು ನಿಂತೆ. ಆಗ ಮೆಟ್ಟಿಲ ಮೇಲಿನಿಂದ ಒಬ್ಬ ಕೂಗಿದ: "ಅಯ್ಯೋ, ಅದು ಡಬ್ಬಿ ಕಣ್ರೋ! ಸುಣ್ಣದ ಡಬ್ಬಿ!" ಒಬ್ಬ ನಕ್ಕ, ಹತ್ತು ಜನ ನಕ್ಕರು, ಆಮೇಲೆ ಆ ನಗು ಮೈದಾನ ಪೂರ್ತಿ ಸುತ್ತಿ ಬಂತು. ಸಾಹುಕಾರರು ಹೊಟ್ಟೆ ಹಿಡಿದುಕೊಂಡಿದ್ದರು. ಕೋಲನ್ನು ಮೊಣಕಾಲಿಗೆ ಇಟ್ಟು ಮುರಿದು, ಡಬ್ಬಿಯನ್ನು ಆ ಮೆಟ್ಟಿಲ ಮೇಲೆ ಎಸೆಯಬೇಕು ಎಂದು ಕೈ ಎತ್ತಿಯೂ ಎತ್ತಿದೆ.

ಗೋಲಿನ ಕಡೆಯಿಂದ ಹುರಿ ಒಂದು ಸಲ ಜಗ್ಗಿತು. ನೋಡಿದರೆ ಚಿಕ್ಕತಾಯವ್ವ ಇನ್ನೊಂದು ಕಂಬಕ್ಕೆ ಹೋಗಲು ಒದ್ದಾಡುತ್ತಿದ್ದಳು. ಅಷ್ಟರಲ್ಲಿ ಮೆಟ್ಟಿಲಿನಿಂದ ಒಬ್ಬರು ಇಳಿದು ಬಂದರು. ದಸ್ತಗೀರ್ ಮೇಷ್ಟ್ರು. ಅವರು ಮಾತ್ರ ನಗುತ್ತಿರಲಿಲ್ಲ. ಅವಳ ತೋಳಿಗೆ ಕೈ ಕೊಟ್ಟು ನಡೆಸಿಕೊಂಡು ಹೋಗಿ ಆ ಕಂಬಕ್ಕೆ ಕೂರಿಸಿದರು. ಆಮೇಲೆ ಹುರಿಯ ಉದ್ದಕ್ಕೂ ಕಣ್ಣು ಹಾಯಿಸುತ್ತಾ ನನ್ನ ತನಕ ಬಂದರು. ನನ್ನ ಎಡಗೈಯನ್ನು ಮುಟ್ಟಿ ನೋಡಿದರು. "ಅದು ಹುರಿ ಆಗಿತ್ತಾ ಬೋರೇಶ?" "ಹೂಂ ಸಾರ್. ಹುರಿ." "ಮೂರು ವರ್ಷ ನಿನ್ನ ಎಡಗೈ ಬಿಡಿಸಿಬಿಟ್ಟೆನಲ್ಲೋ." ನನಗೆ ಬಾಯಿಗೆ ಬಂದದ್ದು ಬಹಳ ಇತ್ತು. ಆರು ವರ್ಷದಿಂದ ಇವರಿಗೆಂದೇ ಕೂಡಿಟ್ಟಿದ್ದೆ. "ಗೆರೆ ಮೇಲಿಂದ ಸರೀರಿ ಸಾರ್" ಎಂದೆ. ಅವರು ಬೆಚ್ಚಿ ಕಾಲು ತೆಗೆದರು.

ಆಗ ನೆನಪಾಯಿತು. ಆರು ವರ್ಷದ ಹಿಂದೆ ಇಲ್ಲೇ, ಈ ನೇರ ಗೆರೆಯ ತುದಿಯಲ್ಲೇ ಮೋಡ ಅಡ್ಡ ಬಂದದ್ದು. ಇಲ್ಲಿಯವರೆಗಿನದನ್ನು ಇಡೀ ಊರು ನೋಡಿಯಾಗಿತ್ತು. ಇಲ್ಲಿಂದ ಮುಂದಿನ ಕಾಲು ಚಕ್ರವನ್ನು ಯಾರೂ ನೋಡಿರಲಿಲ್ಲ, ಧಣಿಗಳು, ಅವ್ವ, ನಾನು, ಯಾರೂ. ಇಲ್ಲಿ ಕೋಲು ಬಿಸಾಕಿ ಹೋದರೂ ನೆರಳಿಗೆ ತಪ್ಪಿದ ಹಾಗಲ್ಲ, ಮುಗಿಸಿದರೂ ಅದಕ್ಕೆ ಒಪ್ಪಿದ ಹಾಗಲ್ಲ. ಅಷ್ಟು ಗಜ ನೆಲ ನನ್ನದು. ಎತ್ತಿದ ಕೈ ಇಳಿಸಿದೆ. ನಗು ಇನ್ನೂ ಇತ್ತು, ಇರಲಿ ಎಂದು ಬಿಟ್ಟೆ. ಡಬ್ಬಿಯ ತಳ ತಟ್ಟಿ, ಹುರಿ ಬಿಗಿ ಮಾಡಿ, ಬಗ್ಗಿದೆ.

ನನ್ನ ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಏನನ್ನೂ ಮಾಡಿಲ್ಲ, ಆ ನಲವತ್ತು ಗಜದ ಪಾಸ್ ಒಂದನ್ನು ಬಿಟ್ಟು. ಹಬೆಯ ನಡುವೆ ಗೆರೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹುರಿಯ ಆ ತುದಿಯ ಅವಳ ಬೆರಳಿನ ನಡುಕ ನನ್ನ ಎಡಗೈವರೆಗೂ ಬರುತ್ತಿತ್ತು, ಆದರೆ ಹುರಿ ಒಂದು ಕಡೆಯೂ ಸಡಿಲವಾಗಲಿಲ್ಲ. ನಗು ಯಾವಾಗ ನಿಂತಿತೋ ತಿಳಿಯದು. ಹಿಂದಿನ ಗೆರೆಗೆ ಬಂದು ಮುಟ್ಟಿ ಬೆನ್ನು ನೆಟ್ಟಗೆ ಮಾಡಿದಾಗ ಮೂಳೆ ಲಟ್ಟೆಂದಿತು. ಹುಡುಗರು ಆಗಲೇ ಸ್ಟಿಕ್ಕು ಹಿಡಿದು ಮೈದಾನಕ್ಕೆ ಇಳಿಯುತ್ತಿದ್ದರು. ಧಣಿಗಳು ನೆಲ ನೋಡಲು ಮುಂದಕ್ಕೆ ಬಗ್ಗಿ ಕೂತಿದ್ದರು. ನನ್ನ ಕೆಲಸ ಮುಗಿದಿತ್ತು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಹುರಿ ಸುತ್ತಿಕೊಳ್ಳುತ್ತಾ ಚಿಕ್ಕತಾಯವ್ವನ ಹತ್ತಿರ ಹೋದೆ. ಅವಳು ಕಣ್ಣು ಕಿರಿದು ಮಾಡಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆದಳು. "ಈ ಕೋಲು ಗಿಡ್ಡ ತಾಯವ್ವ, ಬೆನ್ನು ಹೋಯ್ತು." "ಕೊಕ್ಕರೆ ಹಂಗೆ ನೀನು ಬೆಳೆದ್ರೆ ಕೋಲಿನ ತಪ್ಪಾ?" "ನಾಳೆ ಸಂಜೆ ಉದ್ದದ್ದೊಂದು ಕೆತ್ಕೊಳ್ತೀನಿ" ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವ್ವ ಪಾನಕ ಕೊಟ್ಟ ಆ ಸಂಜೆ ಕಣ್ಣ ಮುಂದೆ ಬಂದು, ಆ ದಿನವಿಡೀ ಮೊದಲ ಸಲ ನನಗೆ ನಗು ಬಂತು. "ಏನೋ ಹಲ್ಲು ಕಿರೀತೀಯ?" ಎಂದಳು. "ಏನಿಲ್ಲ" ಎಂದು ಅವಳ ಪಕ್ಕದಲ್ಲಿ ನಿಂತೆ.

ನಿಂತ ಮೇಲೆ ಗಮನಿಸಿದೆ, ನಾನು ನಿಂತದ್ದು ಬಿಸಿಲಿನ ಕಡೆಗೆ. ನನ್ನ ನೆರಳು ಪೂರ್ತಿ ಅವಳ ಮೇಲೆ ಬಿದ್ದಿತ್ತು, ಮಡಿಲಿನ ಮೇಲೆ, ಸುಣ್ಣ ಮೆತ್ತಿದ ಕೈಯ ಮೇಲೆ. ಆಚೆ ಸರಿ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಸೆರಗನ್ನು ಭುಜದ ತುಂಬ ಎಳೆದುಕೊಂಡು ಕಂಬಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಅವಳ ಮೇಲೆ ನನ್ನ ನೆರಳು ಏನೋ ಮಾಡುತ್ತಿದ್ದಿರಬೇಕು. ನಾನು ನೋಡಲಿಲ್ಲ. ಎದುರಿಗೆ ಹುಡುಗರು ಗೆರೆ ತುಳಿಯಲು ಶುರು ಮಾಡಿದ್ದರು, ನಾನು ಹುಡುಗರನ್ನು ನೋಡುತ್ತಾ ನಿಂತೆ.